ಫಿಟ್ಸ್ ಮಾತ್ರೆಯಿಂದ ಲೂಪಸ್ ಬರುತ್ತದೆಯೇ?

ಪ್ರಶ್ನೆ: ನನ್ನ ತಂಗಿಗೆ 29 ವರ್ಷ. ಫಿಟ್ಸ್‌ಗೆಂದು 14 ತಿಂಗಳಿಂದ ಕಾರ್ಬಮಜೆಪಿನ್ ನುಂಗುತ್ತಿದ್ದಾಳೆ. ಫಿಟ್ಸ್ ನಿಂತಿದೆ. ಆದರೆ ಎರಡು ತಿಂಗಳಿಂದ ಬೆಳಿಗ್ಗೆ ಬೆರಳು ಮಡಚಲಾಗದೆ ಜಡೆ ಹೆಣೆದುಕೊಳ್ಳಲೂ ಒದ್ದಾಡುತ್ತಾಳೆ. ಆಗಾಗ ಜ್ವರ ಬರುತ್ತದೆ, ಜೋರಾಗಿ ಉಸಿರೆಳೆದರೆ ಎದೆ ಚುಚ್ಚುತ್ತದೆ. ಲೂಪಸ್ ಅನುಮಾನವಿದ್ದಾಗ ಮಾಡಿಸುವ ಎಎನ್‌ಎ ರಕ್ತಪರೀಕ್ಷೆ ಪಾಸಿಟಿವ್ ಬಂದಿದೆ. ಇದು ಮಾತ್ರೆಯಿಂದ ಬಂದ ಲೂಪಸ್ಸೇ? ಮಾತ್ರೆ ನಿಲ್ಲಿಸಿಬಿಡಲೇ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ನೀವಾಗಿ ನಿಲ್ಲಿಸಬೇಡಿ. ದಿಢೀರನೆ ಬಿಟ್ಟರೆ ಫಿಟ್ಸ್ ಒಂದರ ಹಿಂದೊಂದು ಬಂದು ಪ್ರಾಣಕ್ಕೇ ಕುತ್ತಾಗಬಹುದು. ಹಾಗೆಂದು ಸುಮ್ಮನಿರುವಂತೆಯೂ ಇಲ್ಲ. ಶ್ವಾಸಕೋಶದ ಅಥವಾ ಹೃದಯದ ಹೊರಪೊರೆ ಉರಿಯೂತಗೊಂಡರೂ ಎದೆ ಹೀಗೆ ಚುಚ್ಚುತ್ತದೆ. ಒಂದೆರಡು ದಿನದಲ್ಲೇ ವೈದ್ಯರಿಗೆ ತೋರಿಸಿ. ಏದುಸಿರು ಬಂದರೆ ತಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಿರಿ.

ನಿಮ್ಮ ಅನುಮಾನಕ್ಕೆ ಆಧಾರವಿದೆ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನವರ ಮೇಲೆಯೇ ತಿರುಗಿಬೀಳುವುದು ಲೂಪಸ್. ಕೆಲವರಲ್ಲಿ ಅದಕ್ಕೆ ಕಿಡಿ ಹಚ್ಚುವುದು ಔಷಧ. ಫಿಟ್ಸ್ ಔಷಧಗಳಾದ ಕಾರ್ಬಮಜೆಪಿನ್, ಫೆನಿಟಾಯಿನ್, ಎಥೋಸಕ್ಸಿಮೈಡ್‌ಗಳಿಂದ ಹೀಗಾಗುವುದು ಅಪರೂಪ, ಆದರೆ ಉಂಟು. ಮಾತ್ರೆ ಶುರುವಾಗಿ ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ತಲೆದೋರುವುದರಿಂದ ಯಾರಿಗೂ ಹಳೆಯ ಮಾತ್ರೆಯ ನೆನಪೇ ಬರುವುದಿಲ್ಲ.

ಎಎನ್‌ಎ ವರದಿಯೊಂದನ್ನೇ ನೋಡಿ ಹೆದರಬೇಡಿ. ಈ ಮಾತ್ರೆ ನುಂಗುವ, ಯಾವ ತೊಂದರೆಯೂ ಇಲ್ಲದ ಎಷ್ಟೋ ಮಂದಿಯಲ್ಲೂ ಅದು ಪಾಸಿಟಿವ್ ಇರುತ್ತದೆ. ಅಂಥವರ ಔಷಧ ಬದಲಿಸುವುದಿಲ್ಲ. ನಿಮ್ಮ ತಂಗಿಯ ವಿಷಯದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ ಜಡೆಯ ಮಾತು: ಬೆಳಿಗ್ಗೆ ಬೆರಳು ಮಡಚಲಾಗದಿರುವುದು ಕೀಲಿನ ಉರಿಯೂತದ ಸುಳಿವು. ಸಂಧಿವಾತ ತಜ್ಞರು ಆಂಟಿ-ಹಿಸ್ಟೋನ್, ಡಿಎಸ್-ಡಿಎನ್‌ಎ ಎಂಬ ಎರಡು ರಕ್ತಪರೀಕ್ಷೆಗಳನ್ನೂ ಮೂತ್ರ ಪರೀಕ್ಷೆಯನ್ನೂ ಮಾಡಿಸುತ್ತಾರೆ. ಔಷಧದಿಂದ ಬಂದ ಲೂಪಸ್‌ನಲ್ಲಿ ಸಾಮಾನ್ಯವಾಗಿ ಮೊದಲನೆಯದು ಪಾಸಿಟಿವ್, ಎರಡನೆಯದು ನೆಗೆಟಿವ್. ಮೂತ್ರಪಿಂಡದ ತಂಟೆಗೆ ಅದು ಹೋಗುವುದು ಕಡಿಮೆ.

ಇಲ್ಲೊಂದು ತಿರುವಿದೆ, ವೈದ್ಯರೂ ಎಡವುವ ಜಾಗ. ಲೂಪಸ್ ಮಿದುಳಿಗೆ ತಾಗಿದರೆ ಅದರಿಂದಲೇ ಫಿಟ್ಸ್ ಬರಬಹುದು. ಮೊದಲ ಫಿಟ್ಸ್‌ಗೂ ಮುಂಚೆ ಕೀಲುನೋವು, ಬಾಯಿಹುಣ್ಣು, ಬಿಸಿಲಿಗೆ ಏಳುವ ಗಂದೆ ಇದ್ದವೇ ಎಂದು ತಂಗಿಯನ್ನು ಕೇಳಿ. ಇದ್ದಿದ್ದರೆ ಮಾತ್ರೆ ನಿರಪರಾಧಿಯಾಗಿರಬಹುದು.

ಮಾತ್ರೆಯೇ ಕಾರಣವೆಂದಾದರೆ ನರರೋಗ ತಜ್ಞರು ಬೇರೊಂದು ಔಷಧವನ್ನು, ಉದಾಹರಣೆಗೆ ಲೆವೆಟಿರಾಸಿಟಮ್ ಅನ್ನು, ಶುರುಮಾಡಿ ಇದನ್ನು ಹಂತಹಂತವಾಗಿ ಇಳಿಸುತ್ತಾರೆ. ನೋವು ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲಿ ಇಳಿಯುತ್ತದೆ. ಎಎನ್‌ಎ ಆಮೇಲೂ ಬಹುಕಾಲ ಪಾಸಿಟಿವ್ ಉಳಿಯಬಹುದು. ಪದೇ ಪದೇ ಅದನ್ನು ಮಾಡಿಸಬೇಡಿ. ಒಂದೇ ಕಾರ್ಬಮಜೆಪಿನ್ ಹಲವು ಬ್ರ್ಯಾಂಡ್ ಹೆಸರಿನಲ್ಲಿ ಬರುತ್ತದೆ. ಬಿಟ್ಟ ಔಷಧವೇ ಬೇರೆ ಹೆಸರಿನಲ್ಲಿ ಮರಳದಂತೆ, ಹೊಸ ಚೀಟಿ ಕೈಗೆ ಬಂದಾಗಲೆಲ್ಲ ಬ್ರ್ಯಾಂಡ್ ಹೆಸರಿನ ಕೆಳಗಿನ ಸಣ್ಣ ಅಕ್ಷರ ಓದಿ.