ಪೈಲಟ್ ಟ್ರ್ಯಾಕ್ ಇಲ್ದ ಶೂಟಿಂಗ್ ಮಾಡಬ್ಯಾಡ ತಮ್ಮಾ

‘ನಿರ್ದೇಶಕ ಎಂ.ಎಸ್. ಸತ್ಯು ಅವ್ರು ಗರಂ ಹವಾ ಸಿನಿಮಾ ದನಿ ಇಲ್ದನೇ ತೆಗದ್ರು, ನಾವೂ ಕಲಬುರಗಿ ಕೋಟೆ ಹಿಂದಿನ ಓಣ್ಯಾಗ ಹಾಂಗೇ ತಗದು ಆಮ್ಯಾಲೆ ಡಬ್ ಮಾಡ್ತೀವಿ’ ಅಂತ ಬರದೀಯಲ್ಲ, ಓದಿ ಸುಮ್ನ ಕೂಡಲಿಕ್ಕ ಆಗಲಿಲ್ಲ. ಪೈಲಟ್ ಟ್ರ್ಯಾಕ್ ಅಂದ್ರ ಆಮ್ಯಾಲೆ ಡಬ್ಬಿಂಗಿಗೆ ನೆಪ್ಪಿಗಿರಲಿ ಅಂತ ಶೂಟಿಂಗ್ ಮಾಡುವಾಗಲೇ ಹಿಡಿದಿಡೋ ದನಿ. ಇದೇ ಮಾತು ಹೇಳಿ ನಾ ಒಂದು ಕಿರುಚಿತ್ರ ಪೂರಾ ಕಳಕೊಂಡೀನಿ.

ಸತ್ಯು ನಾಟಕದ ಸೆಟ್ಟು, ಲೈಟು ಮಾಡ್ಕೋತ ಸಿನಿಮಾಕ್ಕ ಬಂದವ್ರು. ಸರ್ಕಾರದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ನಿನ 2.5 ಲಕ್ಷ ಸಾಲ ಹಿಡದು ಆಗ್ರಾಕ್ಕ ಹೋದಾಗ ರೆಕಾರ್ಡಿಂಗ್ ಸಾಮಾನಿಗೆ ರೊಕ್ಕ ಇರಲಿಲ್ಲ, ಅದಕ್ಕ ಹಾಂಗ ತೆಗದ್ರು. ನಟರು ಹೆಚ್ಚಾಗಿ ಇಪ್ಟಾ ಅನ್ನೋ ನಾಟಕ ಸಂಘಟನೆಯಾಗ ಪಳಗಿದವ್ರು, ಮಾತು ಉರ್ದು ಕವಿ ಕೈಫಿ ಆಜ್ಮಿ ಬರದದ್ದು. ನಮ್ಮ ಹುಡುಗ್ರು? ತೊಗರಿ ಹೊಲದಾಗ ಸ್ಕ್ರಿಪ್ಟ್ ಬಿಟ್ಟು ತಮ್ಮದೇ ಮಾತು ಆಡಿದ್ರು, ಭಾಳ ಚಲೋ ಬಂದಿತ್ತು. ಎರಡು ತಿಂಗಳ ಮ್ಯಾಲೆ ಡಬ್ಬಿಂಗಿಗೆ ಕೂತ್ರ ಒಬ್ರಿಗೂ ನೆಪ್ಪಿಲ್ಲ. ‘ಬ್ಯಾಡ’ ಅಂದಾನೋ ‘ಮಾಡ’ ಅಂದಾನೋ, ಬ ಅಂದ್ರೂ ಮ ಅಂದ್ರೂ ತುಟಿ ಒಂದೇ ಥರ ಕೂಡ್ತಾವ. ಆ ತುಣುಕು ಇಪ್ಪತ್ತು ಸಲ ತಿರುವಿ ನೋಡಿದ್ವಿ. ಅವ್ವನ ಪಾತ್ರದಾಕಿ ಅಷ್ಟೊತ್ತಿಗೆ ಲಗ್ನಾಗಿ ಪುಣೆಕ್ಕ ಹೋಗಿದ್ಳು.

ಡಬ್ಬಿಂಗ್ ಮುಂದ ಹಾಕಲೇಬ್ಯಾಡ. 1973ರಾಗ ಗರಂ ಹವಾದ ಮುಖ್ಯ ನಟ ಬಲರಾಜ್ ಸಾಹನಿ ಡಬ್ಬಿಂಗ್ ಮುಗಿಸಿದ ಮರುದಿನಾನೇ ತೀರಿಕೊಂಡ್ರು. ಅಜ್ಜಿ ಪಾತ್ರದ ಬದರ್ ಬೇಗಂಗೆ ನಟಿ ದೀನಾ ಪಾಠಕ್ ದನಿ ಕೊಟ್ಟಾರ, ಅಂಥಾ ದನಿ ನಮಗ ಎಲ್ಲಿಂದ ತರೋದು?

ಶೂಟ್ ಮಾಡೋ ಫೋನು ಬಿಟ್ಟು ಇನ್ನೊಂದು ಫೋನು ಏರೋಪ್ಲೇನ್ ಮೋಡಿನಾಗ ಹಾಕಿ, ದನಿ ರೆಕಾರ್ಡಿಂಗ್ ಹಚ್ಚಿ ನಟನ ಜೇಬಿನಾಗ ಇಡು, ಚಪ್ಪಾಳಿ ಹೊಡದು ಶುರು ಮಾಡು, ಆ ಸಪ್ಪಳ ಹಿಡದು ಆಮ್ಯಾಲೆ ಚಿತ್ರ-ದನಿ ಕೂಡಸಬಹುದು. ಶಾಟ್ ಮುಗದ ಕೂಡ್ಲೇ ಕಾರಿನ ಗಾಜು ಏರಿಸಿ, ಒಳಗ ಎರಡು ಕೌದಿ ಇಳಿಬಿಟ್ಟು, ಅದೇ ಮಾತು ಮೂರು ಸಲ ಹೇಳಸು. ಬಾಯಾಗ ಇನ್ನೂ ಬಿಸಿ ಇರ್ತದ, ಲಯ ತಪ್ಪಂಗಿಲ್ಲ. ಎಸಿ ಬಂದ್ ಇರಬೇಕು, ಸೆಕಿ ತಡಕೋ. ರಂಗದ ದನಿ ಮಾತ್ರ ಬ್ಯಾಡ, ಕೊನೀ ಸಾಲಿಗೆ ಕೇಳಸೋ ಚಟ ಬಿಡಿಸಲಿಕ್ಕ ನನಗ ಎರಡು ವರ್ಷ ಹಿಡೀತು. ಬೋಯಾ ಕಂಪನಿ ವೈರ್ ಮೈಕ್ ಸಾಕು, ಝೂಮ್ ಕಂಪನಿ ರೆಕಾರ್ಡರ್ ಸಿಕ್ರ ಇನ್ನೂ ಚಲೋ. ಹೆಸರಿಲ್ಲದ ಅಗ್ಗದ ವೈರ್‌ಲೆಸ್ ತಗೋಬ್ಯಾಡ.

ಕೋಟೆ ಒಳಗ ಹೋಗೋದಿದ್ರ ಪುರಾತತ್ವ ಇಲಾಖೆ ಪರವಾನಗಿ ಮೊದಲು. ಮಂದಿ ಮುತ್ತಿದ್ರ ಸತ್ಯು ಆಗ್ರಾದಾಗ ಮಾಡಿದ್ದು ಮಾಡು: ಫಿಲ್ಮ್ ಇಲ್ಲದ ಕ್ಯಾಮೆರಾ ಕೊಟ್ಟು ಇನ್ನೊಂದು ತಂಡ ಬ್ಯಾರೆ ಕಡೆ ಕಳಿಸಿದ್ರು, ಗದ್ದಲ ಅತ್ತ ಹೋತು. ಕಲಬುರಗಿ ಸೂಪರ್ ಮಾರ್ಕೆಟ್ ಬಜಾರದಾಗ ನಾವೂ ಮಾಡೀವಿ, ನಡೀತದ. ಮೇ ತಿಂಗಳಾದ್ರ ಮುಂಜಾನಿ ಹತ್ತು ಗಂಟೆ ಒಳಗ ಮುಗಸು, ಫೋನು ಕಾದು ತಾನೇ ಬಂದ್ ಆಗ್ತದ. ಥಂಡ ಬಾಟ್ಲಿ ಹಚ್ಚಬ್ಯಾಡ, ಲೆನ್ಸಿನಾಗ ನೀರಿನ ಹಬಿ ಕೂಡ್ತದ.