ಹಿರಿಯರ ಆರೈಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ತಾಯಿಯವರಿಗೆ 78 ವರ್ಷ. ಎಂಟು ತಿಂಗಳ ಹಿಂದೆ ಪಾರ್ಶ್ವವಾಯುವಾಗಿ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ಅರ್ಧ ಮಾತ್ರ ತಿಳಿಯುತ್ತದೆ, ನೀರು ಕುಡಿಯುವಾಗ ಕೆಮ್ಮು ಬರುತ್ತದೆ. ನಾನು ಶಾಲಾ ಶಿಕ್ಷಕಿ, ನನ್ನ ಯಜಮಾನರು ತೋಟ ನೋಡಿಕೊಳ್ಳುತ್ತಾರೆ. ಹಗಲು ನೋಡಿಕೊಳ್ಳಲು ಬರುತ್ತಿದ್ದ ಹೆಂಗಸು ಕೆಲಸ ಬಿಟ್ಟ ಮೇಲೆ ಬೇರೆ ದಾರಿ ಕಾಣದೆ ಹಾಸನದಲ್ಲಿ ಎರಡು ಆರೈಕೆ ಕೇಂದ್ರಗಳನ್ನು ನೋಡಿ ಬಂದೆವು. ಒಂದು ಹೊಸ ಕಟ್ಟಡ, ಎದುರಿಗೆ ಹೂದೋಟ, ಒಳಗೆ ಹೊಳೆಯುವ ಟೈಲ್ಸ್. ಇನ್ನೊಂದು ಹಳೆಯ ಹೆಂಚಿನ ಮನೆ, ಹನ್ನೆರಡು ಹಾಸಿಗೆ ಮಾತ್ರ. ಎರಡೂ ಕಡೆ ಚೆನ್ನಾಗಿಯೇ ಮಾತನಾಡಿಸಿದರು. ಯಾವುದು ಒಳ್ಳೆಯದೆಂದು ತಿಳಿಯುವುದು ಹೇಗೆ?
— ಓರ್ವ ಓದುಗರು, ಸಕಲೇಶಪುರ ತಾಲ್ಲೂಕು

ಉತ್ತರ: ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ಕಡೆ ನರ್ಸಿಂಗ್ ಹೋಂ ಎಂದರೆ ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ಕೆಲವು ದಿನ ಸೇರುವ ಖಾಸಗಿ ಆಸ್ಪತ್ರೆ. ವೃದ್ಧಾಶ್ರಮವೆಂದರೆ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಲ್ಲ ಹಿರಿಯರಿಗೆ ಊಟ, ವಸತಿ ಕೊಡುವ ಜಾಗ. ನಿಮ್ಮ ತಾಯಿಯವರಿಗೆ ಬೇಕಾಗಿರುವುದು ಇವೆರಡರ ನಡುವಿನದು: ಹಗಲು ರಾತ್ರಿ ದಾದಿಯರಿದ್ದು, ತಿಂಗಳುಗಟ್ಟಲೆ, ಬಹುಶಃ ವರ್ಷಗಟ್ಟಲೆ ಆರೈಕೆ ಮಾಡುವ ಸ್ಥಳ. ಆದ್ದರಿಂದ ಫಲಕದ ಮೇಲೆ ಏನು ಬರೆದಿದೆ ಎಂಬುದಕ್ಕಿಂತ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿತರಾದ ದಾದಿಯರು ಎಷ್ಟು ಮಂದಿ, ಅವರಲ್ಲಿ ರಾತ್ರಿ ಪಾಳಿಗೆ ಇರುವವರು ಯಾರು ಎಂದು ಕೇಳಿ. ಚಿಕಿತ್ಸೆಯನ್ನೂ ಕೊಡುತ್ತೇವೆ ಎಂದು ಹೇಳುವ ಕೇಂದ್ರವಾದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007ರ ಪ್ರಕಾರ ಪಡೆದ ನೋಂದಣಿ ಪತ್ರವನ್ನು ಎಲ್ಲರಿಗೂ ಕಾಣುವಂತೆ ಹಾಕಿರಬೇಕು. ಅದನ್ನು ನೋಡದೆ ಮುಂಗಡ ಕೊಡಬೇಡಿ.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದ ವೈದ್ಯ ಅವೆಡಿಸ್ ಡೊನಬೇಡಿಯನ್ ಅವರು 1966ರಲ್ಲಿ ಆರೈಕೆಯ ಗುಣಮಟ್ಟವನ್ನು ಮೂರು ಬಗೆಯಲ್ಲಿ ನೋಡಬೇಕೆಂದು ಬರೆದರು: ಇರುವ ವ್ಯವಸ್ಥೆ, ನಡೆಯುವ ಕೆಲಸ, ಅದರಿಂದ ರೋಗಿಗೆ ಆದ ಫಲ. ನೀವು ಹಾಸನದಲ್ಲಿ ಕಂಡು ಬಂದ ಹೂದೋಟ, ಟೈಲ್ಸ್, ಹೆಂಚು ಎಲ್ಲವೂ ಮೊದಲನೆಯದಕ್ಕೆ ಸೇರಿದವು. ಬಹುಪಾಲು ಕುಟುಂಬಗಳು ಅಲ್ಲಿಗೇ ನಿಲ್ಲುತ್ತವೆ, ಏಕೆಂದರೆ ಮೊದಲೇ ತಿಳಿಸಿ, ಬೆಳಿಗ್ಗೆ ಹನ್ನೊಂದಕ್ಕೆ ಹೋದವರಿಗೆ ತೋರಿಸುವುದು ಅಷ್ಟನ್ನೇ. ಉಳಿದೆರಡನ್ನು ನೋಡಬೇಕಾದರೆ ತಿಳಿಸದೆ ಹೋಗಬೇಕು; ಭಾನುವಾರವಾದರೆ ಮತ್ತೂ ಒಳ್ಳೆಯದು; ಸಂಜೆ ಏಳರ ಊಟದ ಹೊತ್ತಿಗೆ ತಲುಪಿ, ಎಂಟೂವರೆಯವರೆಗೆ ಅಲ್ಲಿರಬೇಕು. ಹಾಗೆ ಬರಲು ಅವಕಾಶವೇ ಇಲ್ಲವೆಂದರೆ ನಿಮ್ಮ ಉತ್ತರದ ಅರ್ಧ ಭಾಗ ಅಲ್ಲಿಯೇ ಸಿಕ್ಕಿತು.

ಒಳಗೆ ಹೋದಾಗ ಬಾಯಿತುಂಬ ಮಾತನಾಡುವ ಅಜ್ಜಿಯರನ್ನು ವಿಚಾರಿಸಿ, ಆದರೆ ಅಷ್ಟಕ್ಕೇ ತೃಪ್ತರಾಗಬೇಡಿ. ದಾದಿಯಾಗಿ ಕೆಲಸ ಮಾಡಿದ ವರ್ಷಗಳಲ್ಲಿ ನಾನು ಕಲಿತ ಒಂದು ವಿಷಯವಿದೆ: ಮಾತು ನಿಂತವರು, ನೋಡಲು ಯಾರೂ ಬಾರದವರು, ತಮಗೆ ಏನು ಬೇಕೆಂದು ಕೇಳಲಾರದವರು ಹೇಗಿದ್ದಾರೆ ಎಂಬುದನ್ನು ನೋಡಿದರೆ ಆ ಕೇಂದ್ರದ ಆರೈಕೆ ಎಂಥದ್ದೆಂದು ತಿಳಿಯುತ್ತದೆ. ಮೂಲೆಯ ಹಾಸಿಗೆಯಲ್ಲಿರುವ ಅಂಥ ಒಬ್ಬರನ್ನು ಗಮನಿಸಿ. ತುಟಿ ಒಣಗಿ ಸಿಪ್ಪೆ ಎದ್ದಿದೆಯೆ, ಉಗುರು ಕತ್ತರಿಸಿದ್ದಾರೆಯೆ, ಕಣ್ಣಿನ ಪಿಸುರು ಒರೆಸಿದ್ದಾರೆಯೆ, ಹಲ್ಲು ಸೆಟ್ಟನ್ನು ತೊಳೆದಿಟ್ಟಿದ್ದಾರೆಯೆ? ಮೂತ್ರದ ನಳಿಕೆ ಹಾಕಿದ್ದರೆ ಅದರ ಚೀಲ ನೆಲಕ್ಕೆ ತಗಲದೆ, ಸೊಂಟಕ್ಕಿಂತ ಕೆಳಗೆ ತೂಗುತ್ತಿರಬೇಕು. ಎಲ್ಲರಿಗೂ ನಳಿಕೆ ಹಾಕಿರುವುದು ಕಂಡರೆ, ರೋಗಿಯ ಅಗತ್ಯಕ್ಕಿಂತ ಸಿಬ್ಬಂದಿಯ ಅನುಕೂಲ ಮುಂದಾಗಿದೆ ಎಂದೇ ತಿಳಿಯಬೇಕು. ನಳಿಕೆ ಹೆಚ್ಚು ದಿನ ಇದ್ದಷ್ಟೂ ಸೋಂಕು ತಗಲುವ ಸಂಭವ ಹೆಚ್ಚುತ್ತದೆ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಚರ್ಮ. ತಾವೇ ಹೊರಳಲಾರದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ಇಲ್ಲವಾದರೆ ಬೆನ್ನಿನ ತಳಭಾಗ, ಸೊಂಟದ ಮೂಳೆ, ಹಿಮ್ಮಡಿ ಇವುಗಳ ಮೇಲೆ ಭಾರ ಬಿದ್ದು ರಕ್ತ ಸಂಚಾರ ತಡೆದು ಹಾಸಿಗೆ ಹುಣ್ಣು ಆಗುತ್ತದೆ. ಅದರ ಮೊದಲ ಗುರುತು ಹುಣ್ಣಲ್ಲ, ಕೆಂಪು ಬಣ್ಣ: ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಂಡು ಮತ್ತೆ ಕೆಂಪಾದರೆ ಇನ್ನೂ ಕಾಲ ಮಿಂಚಿಲ್ಲ, ಒತ್ತಿದರೂ ಬಿಳಿಚಿಕೊಳ್ಳದಿದ್ದರೆ ಒಳಗೆ ಹಾನಿ ಆಗಲೇ ಶುರುವಾಗಿದೆ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಸರಿಯಾಗಿ ಕಾಣದ ಕಾರಣ ಆ ಜಾಗ ಬಿಸಿಯಾಗಿದೆಯೆ, ಗಟ್ಟಿಯಾಗಿದೆಯೆ ಎಂದು ಮುಟ್ಟಿ ನೋಡಬೇಕು. ಬೇರೆಯವರ ಮೈಯನ್ನು ನೀವು ಪರೀಕ್ಷಿಸುವಂತಿಲ್ಲ, ಆದರೆ ಮುಖ್ಯ ದಾದಿಯನ್ನು ನೇರವಾಗಿ ಕೇಳಬಹುದು: ಈಗ ಇಲ್ಲಿ ಎಷ್ಟು ಜನರಿಗೆ ಬೆಡ್‌ಸೋರ್ ಇದೆ, ಅದರಲ್ಲಿ ಇಲ್ಲಿಗೆ ಬಂದ ಮೇಲೆ ಆದದ್ದು ಎಷ್ಟು? ಒಬ್ಬರಿಗೂ ಇಲ್ಲ ಎಂದು ಥಟ್ಟನೆ ಹೇಳುವವರಿಗಿಂತ, ಇಬ್ಬರಿಗಿದೆ, ಒಬ್ಬರು ಆಸ್ಪತ್ರೆಯಿಂದ ಬರುವಾಗಲೇ ಇತ್ತು, ಮಗ್ಗುಲು ಬದಲಿಸಿದ ಹೊತ್ತನ್ನು ಇಲ್ಲಿ ಬರೆದಿಡುತ್ತೇವೆ ಎಂದು ಪುಸ್ತಕ ತೆರೆದು ತೋರಿಸುವವರನ್ನು ನಾನು ಹೆಚ್ಚು ನಂಬುತ್ತೇನೆ. ಏರ್ ಬೆಡ್ ಇದೆ ಎಂಬುದು ಈ ಪ್ರಶ್ನೆಗೆ ಉತ್ತರವಲ್ಲ. ಅದರ ಮೇಲೆ ಮಲಗಿದವರನ್ನೂ ಹೊರಳಿಸಲೇಬೇಕು. ಆ ಪುಸ್ತಕದಲ್ಲಿ ನಾಳೆಯ ದಿನಾಂಕದವರೆಗೆ ಮೊದಲೇ ತುಂಬಿಟ್ಟ ಗೆರೆಗಳಿಲ್ಲವೆಂಬುದನ್ನೂ ನೋಡಿಕೊಳ್ಳಿ.

ನಿಮ್ಮ ತಾಯಿಯವರ ವಿಷಯದಲ್ಲಿ ವಿಶೇಷವಾಗಿ ಮೂರು ಸಂಗತಿಗಳನ್ನು ಪರೀಕ್ಷಿಸಿ. ಪಾರ್ಶ್ವವಾಯುವಾದ ಇನ್ನೊಬ್ಬರನ್ನು ಹಾಸಿಗೆಯಿಂದ ಕುರ್ಚಿಗೆ ಹೇಗೆ ಎತ್ತುತ್ತಾರೆಂದು ನೋಡಿ: ಸ್ವಾಧೀನವಿಲ್ಲದ ತೋಳನ್ನು ಹಿಡಿದು ಎಳೆದರೆ ಭುಜದ ಕೀಲು ಜಾರಿ ಆಜೀವ ನೋವಾಗಬಹುದು, ಆದ್ದರಿಂದ ತಿಳಿದವರು ತೋಳಿಗೆ ಕೈ ಹಾಕುವುದಿಲ್ಲ, ಬೆನ್ನು ಮತ್ತು ಸೊಂಟವನ್ನು ಆಧರಿಸಿ ಎಬ್ಬಿಸುತ್ತಾರೆ. ಎರಡನೆಯದು ಊಟ. ನೀರು, ಕಾಫಿ, ತಿಳಿಸಾರು ಮುಂತಾದ ತೆಳು ಪದಾರ್ಥಗಳೇ ಇಂಥವರ ಶ್ವಾಸನಾಳಕ್ಕೆ ಸುಲಭವಾಗಿ ಇಳಿದು ನ್ಯುಮೋನಿಯಾಕ್ಕೆ ಕಾರಣವಾಗುತ್ತವೆ; ಸ್ವಲ್ಪ ಗಟ್ಟಿಯಾದ ಗಂಜಿಯನ್ನು ನುಂಗುವುದು ಹಲವರಿಗೆ ಇದಕ್ಕಿಂತ ಕ್ಷೇಮ. ನೇರವಾಗಿ ಕೂರಿಸಿ, ಗದ್ದ ತುಸು ಕೆಳಗಿರುವಂತೆ ಮಾಡಿ, ಒಂದು ತುತ್ತು ಇಳಿದದ್ದನ್ನು ನೋಡಿ ಮುಂದಿನದನ್ನು ಕೊಡುವವರಿಗೆ ಒಬ್ಬರಿಗೆ ಉಣಿಸಲು ಅರ್ಧ ಗಂಟೆಯೇ ಬೇಕಾಗುತ್ತದೆ. ಆರು ಜನರಿಗೆ ಉಣಿಸಲು ಒಬ್ಬರೇ ಆಯಾ ಇದ್ದು, ಎಲ್ಲರ ಊಟವೂ ಅರ್ಧ ಗಂಟೆಯಲ್ಲಿ ಮುಗಿದರೆ ಲೆಕ್ಕ ಎಲ್ಲಿ ತಪ್ಪಿತೆಂದು ಶಿಕ್ಷಕಿಯಾದ ನಿಮಗೆ ಹೇಳಬೇಕಾಗಿಲ್ಲ. ಮೂರನೆಯದು ಚಿಕ್ಕದು: ನೀರಿನ ಲೋಟ, ಕರೆಯುವ ಗಂಟೆ ಇವುಗಳನ್ನು ತಾಯಿಯವರ ಯಾವ ಪಕ್ಕಕ್ಕೆ ಇಡುವಿರಿ ಎಂದು ಕೇಳಿ. ಯೋಚಿಸದೆ ಎಡಗಡೆಗೆ ಎಂದವರು ಈ ಕಾಯಿಲೆಯವರನ್ನು ನೋಡಿಕೊಂಡ ಅನುಭವವುಳ್ಳವರು.

ಮಲೆನಾಡಿನ ಅಂಚಿನಲ್ಲಿರುವ ನಮಗೆ ಮಳೆಗಾಲದ ಪ್ರಶ್ನೆಯೂ ಉಂಟು. ಜುಲೈನಲ್ಲಿ ಬಟ್ಟೆ, ಹೊದಿಕೆ ಒಣಗಿಸುವುದು ಎಲ್ಲಿ, ಕರೆಂಟು ಹೋದರೆ ಏರ್ ಬೆಡ್ಡಿಗೂ ಆಮ್ಲಜನಕದ ಯಂತ್ರಕ್ಕೂ ಏನು ವ್ಯವಸ್ಥೆ, ಸ್ನಾನಕ್ಕೆ ಬಿಸಿನೀರು ವಾರಕ್ಕೆ ಎಷ್ಟು ದಿನ ಎಂದು ಕೇಳಿ. ತೇವದ ಹೊದಿಕೆಯೂ ಒದ್ದೆ ಡೈಪರೂ ಚರ್ಮಕ್ಕೆ ಒಂದೇ ರೀತಿಯ ಶತ್ರುಗಳು. ಹೊಳೆಯುವ ಟೈಲ್ಸ್ ನೀರು ಬಿದ್ದಾಗ ಜಾರುತ್ತದೆಯೇ ಎಂಬುದನ್ನು ಪಾದದಿಂದಲೇ ನೋಡಿಕೊಳ್ಳಿ, ಬಚ್ಚಲಿನ ಗೋಡೆಗೆ ಹಿಡಿಕೆ ಇದೆಯೇ ನೋಡಿ.

ಅಮೆರಿಕದಲ್ಲಿ ಇಂಥ ಕೇಂದ್ರಗಳ ಆರೈಕೆಯ ಮಟ್ಟವನ್ನು ನಿಗದಿಪಡಿಸಲು 1987ರಲ್ಲಿ ಕಾನೂನು ಬಂದಿತು. ತಪಾಸಣೆಯ ವರದಿ, ಸಿಬ್ಬಂದಿಯ ಸಂಖ್ಯೆ, ರೋಗಿಗಳ ಸ್ಥಿತಿ ಇವುಗಳ ಆಧಾರದ ಮೇಲೆ 2008ರಿಂದ ಅಲ್ಲಿನ ಸರ್ಕಾರ ಒಂದರಿಂದ ಐದರವರೆಗೆ ನಕ್ಷತ್ರ ಕೊಟ್ಟು ಪ್ರಕಟಿಸುತ್ತಿದೆ. ಹಾಸನದಲ್ಲಿ ನಿಮಗೆ ಅಂಥ ಪಟ್ಟಿ ಸಿಗದು. ಅದಕ್ಕೆ ಬದಲಾಗಿ, ಆ ಕೇಂದ್ರದಲ್ಲಿ ಈಗ ಇರುವವರ ಮಕ್ಕಳಲ್ಲಿ ಇಬ್ಬರನ್ನು ಗೇಟಿನ ಹೊರಗೆ ಮಾತನಾಡಿಸಿ. ಕಳೆದ ಸಲ ಜ್ವರ ಬಂದಾಗ ನಿಮಗೆ ಎಷ್ಟು ಹೊತ್ತಿಗೆ ತಿಳಿಸಿದರು, ಹೋದ ವರ್ಷ ಇದ್ದ ಆಯಾ ಈಗಲೂ ಇದ್ದಾರೆಯೆ ಎಂಬ ಎರಡು ಪ್ರಶ್ನೆಗಳು ಸಾಕು.

ಸೇರಿಸುವ ದಿನವೇ ತಾಯಿಯವರ ತೂಕ ನೋಡಿ ಬರೆದಿಡಿ. ಒಂದು ತಿಂಗಳಲ್ಲಿ ತೂಕದ ನೂರಕ್ಕೆ 5ರಷ್ಟು, ಆರು ತಿಂಗಳಲ್ಲಿ ನೂರಕ್ಕೆ 10ರಷ್ಟು ಇಳಿದರೆ ಅದನ್ನು ವಯಸ್ಸಿನ ಮೇಲೆ ಹಾಕಲು ಬಿಡಬೇಡಿ. 50 ಕಿಲೋ ಇದ್ದವರು ಮೊದಲ ತಿಂಗಳಲ್ಲೇ ಎರಡೂವರೆ ಕಿಲೋ ಇಳಿದರೆ ವೈದ್ಯರಿಗೆ ತೋರಿಸಿ ಕಾರಣ ಕೇಳಬೇಕು. ವರ್ಷದ ಹಣವನ್ನು ಒಟ್ಟಿಗೆ ಕಟ್ಟದೆ ಮೊದಲ ತಿಂಗಳನ್ನು ಪರೀಕ್ಷೆಯ ಅವಧಿಯೆಂದು ಬರೆಸಿಕೊಳ್ಳಿ. ನೀವು ಬರೆದಿರುವುದಷ್ಟನ್ನೇ ನೋಡಿದರೆ ನನ್ನ ಮನಸ್ಸು ಹೆಂಚಿನ ಮನೆಯ ಕಡೆಗೆ ವಾಲುತ್ತದೆ, ಹನ್ನೆರಡು ಜನರ ಹೆಸರೂ ಅಭ್ಯಾಸವೂ ಸಿಬ್ಬಂದಿಗೆ ನೆನಪಿರುವುದು ಸಾಧ್ಯ ಎಂಬ ಕಾರಣಕ್ಕೆ. ಆದರೂ ಭಾನುವಾರ ಸಂಜೆ ಎರಡೂ ಕಡೆ ಹೋಗಿ ಬಂದ ಮೇಲೆ ನಿಮ್ಮ ಕಣ್ಣನ್ನೇ ನಂಬಿ.

ಪ್ರಶ್ನೆ: ನಮ್ಮ ತಂದೆಯವರಿಗೆ ಮರೆವಿನ ಕಾಯಿಲೆ. ಚಿಕ್ಕಮಗಳೂರಿನ ಒಂದು ಕೇಂದ್ರದಲ್ಲಿ ಐದು ತಿಂಗಳಿಂದ ಇದ್ದಾರೆ. ಕಳೆದ ಎರಡು ವಾರಗಳಿಂದ ನಾವು ಹೋದಾಗಲೆಲ್ಲ ಮಂಪರಿನಲ್ಲಿರುತ್ತಾರೆ, ಮೊನ್ನೆ ಎರಡೂ ಮಣಿಕಟ್ಟಿನ ಸುತ್ತ ನೀಲಿ ಗುರುತು ಕಂಡಿತು. ಕೇಳಿದರೆ ವಯಸ್ಸಾದವರಿಗೆ ಇದು ಸಹಜ ಎನ್ನುತ್ತಾರೆ. ಹೆಚ್ಚು ಕೇಳಿದರೆ ಅಪ್ಪನ ಮೇಲೆ ಸಿಟ್ಟು ತೀರಿಸಿಕೊಂಡಾರೆಂಬ ಭಯ.
— ಓರ್ವ ಓದುಗರು, ಕಡೂರು

ಉತ್ತರ: ಈ ಉತ್ತರ ಓದಿದ ದಿನವೇ ತಂದೆಯವರನ್ನು ವೈದ್ಯರಿಗೆ ತೋರಿಸಿ. ಹೊಸದಾಗಿ ಬಂದ ಮಂಪರು ಮೂತ್ರದ ಸೋಂಕಿನಿಂದ, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆ ಇಳಿದದ್ದರಿಂದ, ಬಿದ್ದು ತಲೆಯೊಳಗೆ ನಿಧಾನವಾಗಿ ರಕ್ತ ಸೋರಿದ್ದರಿಂದಲೂ ಬರಬಹುದು. ಇವುಗಳಲ್ಲಿ ಯಾವುದೂ ಕಾಯುವಂಥದ್ದಲ್ಲ.

ಆಮೇಲೆ ಔಷಧಿ ಕೊಟ್ಟ ಪಟ್ಟಿಯ ಪ್ರತಿ ಕೇಳಿ. ರಾತ್ರಿ ಎದ್ದು ಓಡಾಡುವವರನ್ನು ಸುಮ್ಮನಿರಿಸಲು ಕೊಡುವ ಮಾನಸಿಕ ರೋಗದ ಮಾತ್ರೆಗಳು ಮರೆವಿನ ಕಾಯಿಲೆಯ ಹಿರಿಯರಲ್ಲಿ ಸಾವಿನ ಸಂಭವವನ್ನು ಹೆಚ್ಚಿಸುತ್ತವೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲಿಯೇ ಎಚ್ಚರಿಸಿದೆ. ಅವು ಬೇಕಾಗುವ ಸಂದರ್ಭಗಳಿವೆ, ಆದರೆ ಯಾವ ವೈದ್ಯರು, ಏಕೆ, ಎಷ್ಟು ದಿನಕ್ಕೆ ಬರೆದರೆಂಬುದು ನಿಮಗೆ ತಿಳಿದಿರಬೇಕು. ಮಾತ್ರೆಯನ್ನು ನೀವೇ ಒಮ್ಮೆಲೇ ನಿಲ್ಲಿಸಬೇಡಿ.

ಗುರುತಿನ ವಿಷಯದಲ್ಲಿ ಅವರು ಹೇಳಿದ್ದು ಅರ್ಧ ನಿಜ. ಹಿರಿಯರ ಚರ್ಮ ತೆಳು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರಿಗೆ ಮಂಚದ ಅಂಚು ತಗುಲಿದರೂ ಮುಂಗೈ ನೀಲಿಯಾಗುತ್ತದೆ. ಆದರೆ ಎರಡೂ ಮಣಿಕಟ್ಟನ್ನು ಸುತ್ತುವ ಗುರುತು ಹಾಗೆ ತಗುಲಿ ಆಗುವಂಥದ್ದಲ್ಲ. ಕಟ್ಟಿ ಹಾಕಿರಬಹುದೆ ಎಂದು ಕೇಳುವುದು ನಿಮ್ಮ ಕರ್ತವ್ಯ. ಬೀಳದಿರಲೆಂದು ಕಟ್ಟುತ್ತೇವೆ ಎಂಬ ಸಮರ್ಥನೆಯನ್ನು ಒಪ್ಪಬೇಡಿ, ಕಟ್ಟಿದವರು ಬಿಡಿಸಿಕೊಳ್ಳಲು ಹೆಣಗುವಾಗಲೇ ಇನ್ನೂ ಕೆಟ್ಟದಾಗಿ ಪೆಟ್ಟು ಮಾಡಿಕೊಳ್ಳುತ್ತಾರೆ. ಮಂಚವನ್ನು ತಗ್ಗಿಸುವುದು, ರಾತ್ರಿ ಮಂದ ದೀಪ ಇಡುವುದು, ಮಲಗುವ ಮುನ್ನ ಶೌಚಾಲಯಕ್ಕೆ ಕರೆದೊಯ್ಯುವುದು ಇದಕ್ಕೆ ಸರಿಯಾದ ದಾರಿಗಳು.

ದಿನಾಂಕ ಸಹಿತ ಚಿತ್ರ ತೆಗೆದಿಟ್ಟು, ಮುಖ್ಯಸ್ಥರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಪ್ರತಿಗೆ ಸಹಿ ಪಡೆಯಿರಿ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ, ಆದರೆ ವಿಚಾರಿಸುವವರಿದ್ದಾರೆ ಎಂದು ಗೊತ್ತಿರುವ ಹಾಸಿಗೆಗೆ ಹೆಚ್ಚು ಎಚ್ಚರಿಕೆ ಸಿಗುವುದನ್ನೇ ನಾನು ಕಂಡಿದ್ದೇನೆ. ಸಮಾಧಾನಕರ ಉತ್ತರ ಬರದಿದ್ದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಿ. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಗೂ ದೂರು ಕೊಡಬಹುದು. ಕಟ್ಟಿದ್ದು, ಹೊಡೆದದ್ದು ಖಚಿತವಾದರೆ ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ. 2007ರ ಹಿರಿಯ ನಾಗರಿಕರ ಕಾಯಿದೆಯಂತೆ ಉಪವಿಭಾಗಾಧಿಕಾರಿಗಳ ಎದುರು ನಡೆಯುವುದು ಮಕ್ಕಳಿಂದ ಬರಬೇಕಾದ ಜೀವನಾಂಶದ ವಿಚಾರಣೆ, ಅದನ್ನು ಇದರೊಂದಿಗೆ ಬೆರೆಸಿಕೊಂಡು ಸಮಯ ಕಳೆಯಬೇಡಿ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. ಅಜ್ಜಿ ಇರುವ ಹಾಸನದ ಕೇಂದ್ರದಲ್ಲಿ ಸಿಸಿಟಿವಿಯನ್ನು ಮೊಬೈಲಿನಲ್ಲಿ ನೋಡುವ ಸೌಲಭ್ಯವಿದೆ. ಅದು ಸಾಕಲ್ಲವೆ?
— ಓರ್ವ ಓದುಗರು

ಉತ್ತರ: ಸಾಲದು. ಕ್ಯಾಮೆರಾ ಹಜಾರವನ್ನು ತೋರಿಸುತ್ತದೆ. ಬಚ್ಚಲಿನಲ್ಲಿಯೂ ಬೀಳುವುದುಂಟು, ಅಲ್ಲಿ ಕ್ಯಾಮೆರಾ ಇರಲೂಬಾರದು. ವಾಸನೆ, ಬಿಸಿ, ತೇವ, ಮಾತಿನ ಧಾಟಿ ಯಾವುದೂ ಅದರಲ್ಲಿ ತಿಳಿಯುವುದಿಲ್ಲ. ಅಜ್ಜಿಯ ಬಟ್ಟೆ ಬದಲಿಸುವುದು ಎಲ್ಲರ ಮೊಬೈಲಿಗೂ ಕಾಣುವಂತಿದ್ದರೆ ಅದು ಅವರ ಮಾನಕ್ಕೆ ಕುಂದು, ತಕ್ಷಣ ಮರೆ ಹಾಕಿಸಿ. ನೀವು ತಿಂಗಳಿಗೊಮ್ಮೆ ಬನ್ನಿ, ಹಾಸನದಲ್ಲಿಯೇ ಇರುವ ನೆಂಟರೊಬ್ಬರಿಗೆ ವಾರಕ್ಕೊಮ್ಮೆ, ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿಗೆ ಹೋಗಿಬರಲು ಹೇಳಿ. ಅಜ್ಜಿಯ ಹಿಮ್ಮಡಿಯನ್ನು ಅವರು ಪ್ರತಿ ಸಲವೂ ಸಾಕ್ಸ್ ತೆಗೆಸಿ ನೋಡಲಿ.