ಓದುಗರ ಪ್ರಶ್ನೆ: ಹಬೆ ನೀರಾದ ಮೇಲೆ

ಪ್ರಶ್ನೆ: ನಮ್ಮ ಬಾಯ್ಲರ್ ಕೋಣೆಯಲ್ಲಿ ಕಂಡೆನ್ಸೇಟ್ (ಹಬೆ ತಣಿದು ಆದ ಬಿಸಿನೀರು) ಸೇರುವ ತೊಟ್ಟಿಯ ಗಾಳಿಕೊಳವೆಯಿಂದ ಸದಾ ಹಬೆ ಏಳುತ್ತಿರುತ್ತದೆ. ಆ ನೀರನ್ನು ಬಾಯ್ಲರಿಗೆ ನೀರುಣಿಸುವ ಫೀಡ್ ಟ್ಯಾಂಕಿಗೆ ಕಳುಹಿಸುವ ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂಥ ಸದ್ದು ಬರುತ್ತದೆ. ಇಷ್ಟು ತೊಡಕೇಕೆ, ಅದನ್ನು ಚರಂಡಿಗೆ ಬಿಟ್ಟು ತಣ್ಣೀರನ್ನೇ ಕೊಡೋಣ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದಾರೆ. ಇದು ಸರಿಯೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಎರಡು ತೊಂದರೆಗಳಿಗೂ ಪರಿಹಾರವಿದೆ. ಆದರೆ ಚರಂಡಿಗೆ ಹೋದ ಶಾಖವನ್ನು ಮರಳಿ ತರಲು ಯಾವ ಉಪಾಯವೂ ಇಲ್ಲ.

7 ಬಾರ್ ಗೇಜ್ ಒತ್ತಡದ (ಅಂದರೆ ವಾತಾವರಣದ ಒತ್ತಡಕ್ಕಿಂತ 7 ಬಾರ್ ಹೆಚ್ಚಿನ) ಒಂದು ಕಿಲೋ ಹಬೆಯಲ್ಲಿ ಸುಮಾರು 2,770 ಕಿಲೋಜೌಲ್ ಶಾಖವಿರುತ್ತದೆ. ಯಂತ್ರದಲ್ಲಿ ಅದು ನೀರಾಗುವಾಗ ಬಿಟ್ಟುಕೊಡುವುದು ಗುಪ್ತೋಷ್ಣವನ್ನು (ನೀರನ್ನು ಹಬೆಯಾಗಿಸಲು ತಗುಲಿದ ಶಾಖವನ್ನು) ಮಾತ್ರ, ಅಂದರೆ ಸುಮಾರು 2,050 ಕಿಲೋಜೌಲ್. ಉಳಿದ 720, ಒಟ್ಟು ಶಾಖದ ಕಾಲು ಭಾಗಕ್ಕಿಂತ ತುಸು ಹೆಚ್ಚು, ಸ್ಟೀಮ್ ಟ್ರ್ಯಾಪಿನಿಂದ (ಹಬೆಯನ್ನು ತಡೆದು ನೀರನ್ನಷ್ಟೇ ಹೊರಬಿಡುವ ವಾಲ್ವ್) ಹೊರಬರುವ ನೀರಿನಲ್ಲೇ ಇರುತ್ತದೆ. ಫೀಡ್ ನೀರಿನ ಉಷ್ಣತೆ ಪ್ರತಿ 6 ಡಿಗ್ರಿ ಸೆಲ್ಸಿಯಸ್ ಏರಿದಂತೆ ಇಂಧನದಲ್ಲಿ ಶೇಕಡಾ 1ರಷ್ಟು ಉಳಿತಾಯವಾಗುತ್ತದೆ ಎಂಬುದು ಬಾಯ್ಲರ್ ನಡೆಸುವವರು ಬಹುಕಾಲದಿಂದ ನಂಬಿಕೊಂಡು ಬಂದಿರುವ ಲೆಕ್ಕ. ಮೇಲಾಗಿ ಕಂಡೆನ್ಸೇಟ್ ಬಟ್ಟಿ ಇಳಿಸಿದ ನೀರಿನಷ್ಟೇ ಶುದ್ಧ. ಇದನ್ನು ಬಿಟ್ಟು ಹೊಸ ನೀರು ತುಂಬಿದರೆ ಗಡಸುತನ ತೆಗೆದು ಅದನ್ನು ಮೆದುಗೊಳಿಸುವ ಖರ್ಚು ಏರುತ್ತದೆ, ಲವಣ ಬೇಗ ಸಾಂದ್ರವಾಗಿ ಬ್ಲೋಡೌನ್ (ಲವಣ ಹೆಚ್ಚಿದ ಬಾಯ್ಲರ್ ನೀರನ್ನು ಹೊರಬಿಡುವುದು) ಹೆಚ್ಚಿಸಬೇಕಾಗುತ್ತದೆ, ಆ ಬ್ಲೋಡೌನ್ ಜೊತೆಗೆ ಮತ್ತಷ್ಟು ಶಾಖ ಹೊರಗೆ ಹೋಗುತ್ತದೆ.

ಇನ್ನು ಗಾಳಿಕೊಳವೆಯ ಹಬೆ. 7 ಬಾರ್ ಒತ್ತಡದಲ್ಲಿ 170 ಡಿಗ್ರಿಯಲ್ಲಿದ್ದ ನೀರು ಟ್ರ್ಯಾಪ್ ದಾಟಿ ವಾತಾವರಣದ ಒತ್ತಡಕ್ಕೆ ಬಂದಾಗ 100 ಡಿಗ್ರಿಗಿಂತ ಹೆಚ್ಚಿನ ಶಾಖವನ್ನು ನೀರಾಗಿಯೇ ಹಿಡಿದುಕೊಳ್ಳಲಾರದು. ಆದ್ದರಿಂದ ಅದರ ಶೇಕಡಾ 13ರಷ್ಟು ಭಾಗ ಕೂಡಲೇ ಮತ್ತೆ ಹಬೆಯಾಗುತ್ತದೆ. ಇದೇ ಫ್ಲ್ಯಾಶ್ ಸ್ಟೀಮ್. ತೂಕದಲ್ಲಿ ಅಲ್ಪವೆನಿಸಿದರೂ ಗಾತ್ರದಲ್ಲಿ ಅದು ಅಗಾಧ: 100 ಕಿಲೋ ಕಂಡೆನ್ಸೇಟಿನಿಂದ ಹುಟ್ಟುವ 13 ಕಿಲೋ ಹಬೆಗೆ ಇಪ್ಪತ್ತು ಸಾವಿರ ಲೀಟರಿಗೂ ಮೀರಿದ ಜಾಗ ಬೇಕು, ಉಳಿದ ನೀರಿಗೆ ತೊಂಬತ್ತು ಲೀಟರ್ ಸಾಕು. ಕಂಡೆನ್ಸೇಟನ್ನು ಹಿಂದಕ್ಕೆ ತರುವ ಮರಳು ಕೊಳವೆಯ ಅಳತೆಯನ್ನು ನೀರಿನ ಲೆಕ್ಕದಲ್ಲಷ್ಟೇ ಆರಿಸಿದವರು ಎಡವುವುದು ಇಲ್ಲಿಯೇ.

ಹೀಗಾಗಿ ಒಂದಿಷ್ಟು ಹಬೆ ಏಳುವುದು ಸಹಜ. ಅದನ್ನು ನಿಲ್ಲಿಸಲೆಂದು ಗಾಳಿಕೊಳವೆಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಆ ತೊಟ್ಟಿ ಒತ್ತಡ ತಡೆಯಲು ಕಟ್ಟಿದ್ದಲ್ಲ, ಸಿಡಿಯಬಹುದು. ಆದರೆ ಯಂತ್ರಗಳು ಹಬೆಯನ್ನು ಬಳಸದೆ ಸುಮ್ಮನಿರುವಾಗಲೂ ಅದೇ ಜೋರಿನಲ್ಲಿ ಹಬೆ ಬರುತ್ತಿದ್ದರೆ, ಯಾವುದೋ ಟ್ರ್ಯಾಪ್ ತೆರೆದುಕೊಂಡೇ ಕೆಟ್ಟಿದೆ ಅಥವಾ ಟ್ರ್ಯಾಪನ್ನು ಬಳಸಿ ಹೋಗುವ ದಾರಿಯ ಬೈಪಾಸ್ ವಾಲ್ವ್ ತೆರೆದೇ ಉಳಿದಿದೆ ಎಂದು ಅನುಮಾನಿಸಬೇಕು. ಟ್ರ್ಯಾಪಿನ ಆಚೆಯ ಕೊಳವೆಯ ಉಷ್ಣತೆ ಅಳೆದು ಇದನ್ನು ಪತ್ತೆಮಾಡಲು ಹಲವರು ಯತ್ನಿಸುತ್ತಾರೆ. ಅಲ್ಲಿ ಸೋರಿದ ಹಬೆಯೂ ಫ್ಲ್ಯಾಶ್ ಹಬೆಯೂ ಒಂದೇ ಒತ್ತಡದಲ್ಲಿ, ಹೆಚ್ಚುಕಡಿಮೆ ಒಂದೇ ಉಷ್ಣತೆಯಲ್ಲಿ ಇರುವುದರಿಂದ ಆ ಅಳತೆ ಏನನ್ನೂ ಹೇಳುವುದಿಲ್ಲ. ಸೈಟ್ ಗ್ಲಾಸ್ (ಕೊಳವೆಯೊಳಗೆ ನೋಡುವ ಗಾಜಿನ ಕಿಂಡಿ) ಅಥವಾ ಟ್ರ್ಯಾಪಿನ ಸದ್ದನ್ನು ಆಲಿಸುವ ಅಲ್ಟ್ರಾಸೋನಿಕ್ ಉಪಕರಣವನ್ನು ನಂಬಿ. ಒಂದು ಟ್ರ್ಯಾಪ್ ಸೋರಿದರೆ ಮರಳು ಕೊಳವೆಯ ಒತ್ತಡ ಏರಿ, ಚೆನ್ನಾಗಿರುವ ಉಳಿದ ಟ್ರ್ಯಾಪುಗಳೂ ನೀರನ್ನು ಸರಿಯಾಗಿ ಹೊರಹಾಕಲಾರವು. ಯಂತ್ರ ಬಿಸಿಯೇರುತ್ತಿಲ್ಲವೆಂದು ಯಾರೋ ಇನ್ನೊಂದು ಬೈಪಾಸ್ ತೆರೆಯುತ್ತಾರೆ, ಸೋರಿಕೆ ಇಮ್ಮಡಿಯಾಗುತ್ತದೆ.

ಪಂಪಿನ ಸದ್ದಿಗೂ ಕಾರಣ ಹತ್ತಿರದ್ದೇ. ಕುದಿಯುವ ಅಂಚಿನಲ್ಲಿರುವ ನೀರು ಪಂಪಿನ ಬಾಯಲ್ಲಿ ಒತ್ತಡ ತುಸು ಇಳಿದರೂ ಕುದಿದು ಗುಳ್ಳೆಯಾಗುತ್ತದೆ, ಆ ಗುಳ್ಳೆಗಳು ಒಳಗೆ ಕುಸಿಯುವಾಗ ಇಂಪೆಲ್ಲರ್ (ನೀರನ್ನು ತಳ್ಳುವ ತಿರುಗು ಚಕ್ರ) ಸವೆಯುತ್ತದೆ. ತೊಟ್ಟಿಯನ್ನು ಪಂಪಿಗಿಂತ ಸಾಕಷ್ಟು ಎತ್ತರದಲ್ಲಿಡಿ, ನಡುವಿನ ಕೊಳವೆ ಗಿಡ್ಡದಾಗಿ ಅಗಲವಾಗಿರಲಿ, ಕಸ ತಡೆಯುವ ಜಾಲರಿ, ಅಂದರೆ ಸ್ಟ್ರೈನರ್, ಕಟ್ಟಿಕೊಂಡಿದೆಯೇ ನೋಡಿ. ಎತ್ತರಿಸಲು ಜಾಗವೇ ಇಲ್ಲದಿದ್ದರೆ ಹಬೆ ಅಥವಾ ಸಂಕುಚಿತ ಗಾಳಿಯ ಒತ್ತಡದಿಂದ ನೀರನ್ನು ತಳ್ಳುವ ಪಂಪ್ ಹಾಕಿಸುವುದು ನನ್ನ ದೃಷ್ಟಿಯಲ್ಲಿ ಉತ್ತಮ. ಅದರಲ್ಲಿ ತಿರುಗುವ ಇಂಪೆಲ್ಲರ್ ಇಲ್ಲದ್ದರಿಂದ ಈ ಬಗೆಯ ಸವೆತದ ಪ್ರಶ್ನೆಯೇ ಬರುವುದಿಲ್ಲ.

ಪ್ರಶ್ನೆ: ನೀರು ಅಷ್ಟು ಶುದ್ಧವಾಗಿದ್ದರೆ ನಮ್ಮ ಮರಳು ಕೊಳವೆಯ ತಳದಲ್ಲಿ ಉದ್ದಕ್ಕೆ ಗೀರು ಬಿದ್ದು ತೂತಾಗುತ್ತಿರುವುದೇಕೆ?

ಉತ್ತರ: ಫೀಡ್ ನೀರಿನ ಬೈಕಾರ್ಬೊನೇಟುಗಳು ಬಾಯ್ಲರಿನಲ್ಲಿ ಒಡೆದು ಇಂಗಾಲದ ಡೈಆಕ್ಸೈಡ್ ಬಿಡುಗಡೆಯಾಗುತ್ತದೆ. ಅದು ಹಬೆಯ ಜೊತೆ ಸಾಗಿ, ಹಬೆ ನೀರಾದಾಗ ಅದರಲ್ಲಿ ಕರಗಿ ಕಾರ್ಬೊನಿಕ್ ಆಮ್ಲವಾಗುತ್ತದೆ. ಶುದ್ಧ ನೀರಿನಲ್ಲಿ ಆಮ್ಲವನ್ನು ತಡೆಯುವ ಲವಣಗಳಿಲ್ಲದ್ದರಿಂದ ಅಲ್ಪ ಆಮ್ಲವೂ ಕೊಳವೆಯ ತಳವನ್ನು ತಿನ್ನುತ್ತದೆ. ಫೀಡ್ ನೀರಿನ ಕ್ಷಾರೀಯತೆಯನ್ನು ತಗ್ಗಿಸುವುದು ಮೂಲದ ಪರಿಹಾರ. ಅದರ ಜೊತೆಗೆ ಕೊಳವೆಯನ್ನು ಈ ಆಮ್ಲದಿಂದ ಕಾಪಾಡುವ ಅಮೀನ್ ರಾಸಾಯನಿಕಗಳನ್ನು ಬಳಸುತ್ತಾರೆ. ಹಬೆ ನೇರವಾಗಿ ಆಹಾರವನ್ನು ತಾಕುವ ಕಡೆ ಮಾತ್ರ ಅಮೀನ್ ಆಯ್ಕೆಗೆ ನಿರ್ಬಂಧಗಳಿವೆ, ತಜ್ಞರನ್ನು ಕೇಳದೆ ಹಾಕಬೇಡಿ. ಶಾಖ ವಿನಿಮಯಕದ ನಳಿಕೆ ತೂತಾಗಿ ಲವಣಯುಕ್ತ ದ್ರವ ಬೆರೆತಾಗ ನೀರಿನ ವಿದ್ಯುತ್ ವಾಹಕತೆ ಏರುತ್ತದೆ. ಮರಳು ಕೊಳವೆಯಲ್ಲಿ ವಾಹಕತಾ ಮಾಪಕವಿದ್ದು, ಅದು ಎಚ್ಚರಿಸಿದ ಕೂಡಲೇ ನೀರು ತಾನಾಗಿ ಹೊರಗೆ ತಿರುಗುವಂತೆ ಮಾಡಿಡಿ. ಎಣ್ಣೆ, ಸಕ್ಕರೆಯಂಥವು ಬೆರೆತರೆ ಆ ಮಾಪಕಕ್ಕೆ ಗೊತ್ತಾಗದು, ಅದಕ್ಕೆ ಬೇರೆಯೇ ಪರೀಕ್ಷೆ ಬೇಕು.